ಕಜ್ಜಿ ಸಾಲು

ನಮ್ಮ ಶಾಲೆಯಲ್ಲಿ ಪಿ.ಟಿ. ಪೀರಿಯಡ್ಡಿಗೆ ಎರಡು ಸಾಲು. ಬಿಳಿ ಕ್ಯಾನ್ವಾಸ್ ಬೂಟು ಇದ್ದವರದು ಒಂದು. ಇಲ್ಲದವರದು ಇನ್ನೊಂದು. ಬೂಟಿನವರು ಬಾವುಟದ ಕಂಬದ ಹತ್ತಿರ ನಿಲ್ಲುತ್ತಿದ್ದರು. ನಾವು ಕಾಂಪೌಂಡಿನ ಮೂಲೆಯಲ್ಲಿ, ಮಣ್ಣಿನ ರಾಶಿಯ ಹತ್ತಿರ. ವಿಶ್ವನಾಥ್ ಮೇಷ್ಟ್ರು ಅವರಿಗೆ ಲೇಜಿಮ್ ಕೊಡುತ್ತಿದ್ದರು, ಖೋ ಖೋ ಆಡಿಸುತ್ತಿದ್ದರು. ನಮಗೆ ಮಣ್ಣು ಹೊರುವ ಬಾಂಡ್ಲಿ ಕೊಡುತ್ತಿದ್ದರು.

ಬೂಟಿಲ್ಲದವರೆಲ್ಲ ನಮ್ಮ ಕಾಲೊನಿಯ ಮಕ್ಕಳು. ಕಾಲೊನಿಯವರನ್ನು ಆಟಕ್ಕೆ ಸೇರಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಬೂಟಿಲ್ಲದವರನ್ನು ಸೇರಿಸಬಾರದು ಎಂದು ಮಾತ್ರ ಹೇಳಿದ್ದರು.

ಅದು ತೊಂಬತ್ನಾಲ್ಕನೇ ಇಸವಿ. ಮಾಕಳಿ ದಾಟಿ, ತುಮಕೂರು ರಸ್ತೆಯಿಂದ ಒಳಕ್ಕೆ ನಮ್ಮ ಊರು. ಒಂದನೇ ತರಗತಿಯಿಂದ ಹತ್ತನೆಯವರೆಗೆ ಒಂದೇ ಆವರಣದ ಶಾಲೆ. ನಾನು, ಗಂಗರತ್ನ, ಹತ್ತನೆಯಲ್ಲಿದ್ದೆ. ನನ್ನ ತಂಗಿ ಅಂಜಿನಿ ಐದನೆಯಲ್ಲಿದ್ದಳು. ಅಪ್ಪ ಲಾರಿ ಹತ್ತಿ ಹೋದವನು ಬಂದಿರಲಿಲ್ಲ. ಅವ್ವ ಬೈರಮ್ಮ ಪೀಣ್ಯದ ಎರಕದ ಕಾರ್ಖಾನೆಯಲ್ಲಿ ಕಪ್ಪು ಮರಳು ಜರಡಿ ಹಿಡಿಯುತ್ತಿದ್ದಳು. ಬೂಟಿನ ಮಾತು ತೆಗೆದಾಗ ಅವ್ವ ನಮ್ಮ ಕಾಲಿನ ಕಡೆ ನೋಡಿ, "ಯಾಕೆ, ಇವು ಸವೆದೋದ್ವಾ?" ಅಂದಳು. ಆಮೇಲೆ ನಾವು ಆ ಮಾತು ತೆಗೆಯಲಿಲ್ಲ.

ಶಾಲೆಯ ಮೈದಾನ ತಗ್ಗಿನಲ್ಲಿತ್ತು. ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಶಾಲಾ ಸಮಿತಿಯ ಅಧ್ಯಕ್ಷ ಕೃಷ್ಣಪ್ಪನವರು ತಮ್ಮ ರಾಗಿ ಹೊಲವನ್ನು ಪ್ಲೇಟಿಂಗ್ ಕಾರ್ಖಾನೆಯೊಂದಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಕಬ್ಬಿಣದ ಸಾಮಾನಿಗೆ ಬೆಳ್ಳಿಯಂತೆ ಹೊಳಪು ಕೊಡುವ ಕಾರ್ಖಾನೆ. ಅದರ ತೊಟ್ಟಿಗಳ ತಳದ ಕೆಸರನ್ನು ಒಣಗಿಸಿ ಎಲ್ಲಾದರೂ ಹಾಕಬೇಕಿತ್ತು. ಮೈದಾನಕ್ಕೆ ಮಣ್ಣು ಬೇಕಿತ್ತು. ಜೂನ್‌ನಲ್ಲಿ ಲಾರಿಗಳು ಬಂದವು. ಕೃಷ್ಣಪ್ಪನವರ ಕೊಡುಗೆ ಎಂದು ಹೆಡ್ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು.

ಮಣ್ಣು ಹಳದಿಗೆ ಹಸಿರು ಬೆರೆತಂತಿತ್ತು. ನೀರು ಹಾಕಿದರೆ ಅಂಟುತ್ತಿತ್ತು. ಬಾಯಲ್ಲಿ ಮೊಳೆ ಇಟ್ಟುಕೊಂಡ ಹಾಗೆ ವಾಸನೆ. ಅದನ್ನು ಹರಡಿ, ನೀರು ಚಿಮುಕಿಸಿ, ಗಟ್ಟಿ ಮಾಡಬೇಕು. ಮೇಲೆ ಕೆಮ್ಮಣ್ಣು ಹಾಕಬೇಕು. ಶಾಲೆಯಲ್ಲಿ ರೋಲರ್ ಇರಲಿಲ್ಲ. ಆರನೆಯಿಂದ ಮೇಲಿನವರು ಹೊರಬೇಕು, ಐದನೆಯವರೆಗಿನವರು ತುಳಿಯಬೇಕು ಎಂದು ಮೇಷ್ಟ್ರು ಹಂಚಿದರು.

"ವಯಸ್ಸಿಗೆ ತಕ್ಕ ವ್ಯಾಯಾಮ" ಅಂದರು. "ತುಳೀರ್ರೋ. ಡ್ರಿಲ್ ಅಂದ್ಕೊಂಡು ತುಳೀರಿ. ಲೆಫ್ಟ್, ರೈಟ್."

ಸಣ್ಣವರು ಲಂಗ ಎತ್ತಿಕಟ್ಟಿ, ಚಡ್ಡಿ ಮಡಚಿ ತುಳಿದರು. ಮೊದಮೊದಲು ಅವರಿಗೆ ಖುಷಿ. ಪಿಚಕ್ ಎಂದು ಕೆಸರು ಬೆರಳಿನ ಸಂದಿಯಿಂದ ಮೇಲೆ ಬರುತ್ತಿತ್ತು. ಅಂಜಿನಿ ಎಲ್ಲರಿಗಿಂತ ಜೋರಾಗಿ ತುಳಿಯುತ್ತಿದ್ದಳು. ಬೇಗ ಗಟ್ಟಿಯಾದರೆ ಬೇಗ ಓಡಬಹುದು ಎಂದು ಅವಳ ಲೆಕ್ಕ.

ಅವಳಿಗೆ ಓಟದ ಹುಚ್ಚು. ಒಂದು ಸಲ ಬೂಟಿನವರಿಗೆ ನೂರು ಮೀಟರ್ ಓಟ ಇಟ್ಟಿದ್ದರು. ಮೇಷ್ಟ್ರು ಸೀಟಿ ಊದಿದರು. ಅಂಜಿನಿ ಕೆಸರುಗಾಲಲ್ಲೇ ಕಾಂಪೌಂಡಿನ ಪಕ್ಕದಲ್ಲಿ ಅವರ ಸಮಕ್ಕೆ ಓಡಿಬಿಟ್ಟಳು. ಮೊದಲು ಮುಟ್ಟಿದ್ದು ಅವಳು. ಹಿಂದೆ ಬಂದವಳು ಏಳನೇ ತರಗತಿಯ ವನಜಾ, ಕೃಷ್ಣಪ್ಪನವರ ಮೊಮ್ಮಗಳು.

"ನಿನ್ನ ಯಾರೇ ಓಡು ಅಂದಿದ್ದು?" ಮೇಷ್ಟ್ರು ಕೇಳಿದರು.

"ಸೀಟಿ ಊದಿದ್ರಲ್ಲ ಸಾರ್."

"ನಿಂಗಲ್ಲ ಊದಿದ್ದು. ಬೂಟೆಲ್ಲಿ?"

ಅಂಜಿನಿ ತನ್ನ ಕಾಲು ನೋಡಿಕೊಂಡಳು. ಮೊಣಕಾಲಿನವರೆಗೆ ಹಳದಿ ಕೆಸರು ಒಣಗಿತ್ತು. "ಇದೇ ಸಾರ್" ಅಂದಳು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ನಕ್ಕು, ರಾಶಿಯ ಕಡೆ ಕೈ ತೋರಿಸಿದರು.

ಜುಲೈ ಮುಗಿಯುವುದರೊಳಗೆ ತುಳಿಯುವವರ ಕಾಲಲ್ಲಿ ತೂತು ಬಿದ್ದವು. ಗಾಯ ಅಂದರೆ ಸರಿಯಾಗುವುದಿಲ್ಲ, ತೂತೇ. ದುಂಡಗೆ, ಆಳವಾಗಿ, ಅಂಚು ಗಟ್ಟಿ. ಮೆಣಸಿನ ಕಾಳು ಕೂರುವಷ್ಟು. ನೋವು ಕಡಿಮೆ, ರಾತ್ರಿ ಕೆರೆತ ಜಾಸ್ತಿ. ಹೊರುವವರಿಗೆ ಬೆರಳ ಗೆಣ್ಣಿನ ಮೇಲೆ ಬಂತು. ನನ್ನ ಬಲಗೈಯ ಮೇಲೆ ಆ ಗುರುತು ಈಗಲೂ ಇದೆ.

ಆಗಸ್ಟಿನಲ್ಲಿ ಮಕ್ಕಳ ಆರೋಗ್ಯ ತಪಾಸಣೆಗೆ ಡಾಕ್ಟರು ಬಂದರು. ಜಗಲಿಯ ಮೇಲೆ ಕುರ್ಚಿ ಹಾಕಿ ಕೂತರು. ಬೂಟಿನವರ ಹಲ್ಲು, ಕಣ್ಣು, ನಾಲಿಗೆ ನೋಡಿದರು. ತೂಕ ಮಾಡಿದರು. ನಮ್ಮ ಸಾಲು ಬರುವ ಹೊತ್ತಿಗೆ ಅವರಿಗೆ ಹೊರಡುವ ಆತುರ. ನಮ್ಮನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಕಾಲು ಎತ್ತಿ ತೋರಿಸಲು ಹೇಳಿದರು. ಒಂಟಿಗಾಲಲ್ಲಿ ನಿಂತು, ಒಬ್ಬರ ಭುಜ ಒಬ್ಬರು ಹಿಡಿದು, ಪಾದ ತೋರಿಸಿದೆವು.

"ಎಷ್ಟು ದಿನಕ್ಕೊಂದ್ಸಲ ಸ್ನಾನ ಮಾಡ್ತೀರಿ?"

ಉತ್ತರಕ್ಕೆ ಕಾಯದೆ ಡಾಕ್ಟರು ಮೇಷ್ಟ್ರ ಕಡೆ ತಿರುಗಿದರು.

"ಕಜ್ಜಿ" ಅಂದರು. "ಇವರನ್ನ ಬೇರೆಯವರ ಜೊತೆ ಸೇರಿಸಬೇಡಿ. ಹರಡುತ್ತೆ."

ಬಿಳಿ ಔಷಧಿ ಕೊಟ್ಟರು. ಅದು ತೂತಿನೊಳಗೆ ಇಳಿದರೆ ಜೀವ ಹೋದ ಹಾಗೆ ಉರಿಯುತ್ತಿತ್ತು. ಅವ್ವ ಅಂಜಿನಿಯ ಕಾಲು ತನ್ನ ತೊಡೆಯ ಮೇಲೆ ಅಮುಕಿ ಹಿಡಿದು ಹಚ್ಚುತ್ತಿದ್ದಳು. ಅಂಜಿನಿ ಅವ್ವನ ಸೆರಗು ಕಚ್ಚಿಕೊಳ್ಳುತ್ತಿದ್ದಳು.

ಮಾರನೆಯ ದಿನದಿಂದ ನಮ್ಮ ಸಾಲಿಗೆ ಹೆಸರು ಬಂತು. ಮೇಷ್ಟ್ರು ಸೀಟಿ ಊದಿ, "ಕಜ್ಜಿ ಸಾಲು, ಹಿಂದಕ್ಕೆ" ಅನ್ನುತ್ತಿದ್ದರು. ಬೈಗುಳದ ಧಾಟಿಯಲ್ಲಲ್ಲ. ಹತ್ತನೇ ಎ ವಿಭಾಗ, ಬಿ ವಿಭಾಗ ಅನ್ನುವ ಹಾಗೆ. ನಲ್ಲಿಯ ಹತ್ತಿರ ನಮಗೊಂದು ಬೇರೆ ಡ್ರಮ್ಮು ಇಟ್ಟರು. ನಮ್ಮ ಅಜ್ಜಿಯನ್ನು ಜಾತಿಗೆ ದೂರ ನಿಲ್ಲಿಸುತ್ತಿದ್ದರು. ನಮ್ಮನ್ನು ಕಜ್ಜಿಗೆ ನಿಲ್ಲಿಸಿದರು. ದೂರ ಮಾತ್ರ ಅಷ್ಟೇ ಇತ್ತು. ಅಜ್ಜಿಗಾದರೂ ಅದು ಅನ್ಯಾಯ ಅಂತ ಗೊತ್ತಿತ್ತು. ನಮಗೆ ನಾಚಿಕೆಯಾಗುತ್ತಿತ್ತು. ಬೆಳಿಗ್ಗೆ ಎದ್ದು ಇಟ್ಟಿಗೆ ಚೂರಿನಲ್ಲಿ ಕಾಲು ಉಜ್ಜಿಕೊಳ್ಳುತ್ತಿದ್ದೆವು. ತೂತು ದೊಡ್ಡದಾಗುತ್ತಿದ್ದವು.

ಹುಣ್ಣು ಇದ್ದರೂ ಮಣ್ಣು ಹೊರುವುದು, ತುಳಿಯುವುದು ನಿಲ್ಲಲಿಲ್ಲ. ಆಟಕ್ಕೆ ಹರಡುವ ಕಜ್ಜಿ ಕೆಲಸಕ್ಕೆ ಹರಡುತ್ತಿರಲಿಲ್ಲ.

ದಸರಾ ರಜೆಯಲ್ಲಿ ಅಂಜಿನಿಯ ಕಾಲು ಒಣಗಿತು. ಶಾಲೆ ಶುರುವಾದ ವಾರಕ್ಕೇ ಮತ್ತೆ ರಸಿಗೆ ಸೋರಿತು. ಅವ್ವ ಒಲೆಯ ಮುಂದೆ ಕೂತು ನೋಡಿದಳು.

"ರಜಾದಾಗೆ ವಾಸಿ ಆಯ್ತೈತೆ. ಇಸ್ಕೂಲ್ಗೋದ್ರೆ ಬತ್ತೈತೆ. ಏನಮ್ಮಿ ಇದು, ಓದೋರ್ಗೆ ಬರೋ ಕಾಯಿಲೇನಾ?"

"ಓದದೇ ಇರೋರ್ಗೂ ಬಂದೈತವ್ವ" ಅಂದಳು ಅಂಜಿನಿ. "ನಂಗೆ ಬಂದಿಲ್ವಾ."

ಅವ್ವ ನಕ್ಕಳು. ನಾನೂ ನಕ್ಕೆ. ಆ ಮನೆಯಲ್ಲಿ ಆ ವರ್ಷ ನಾವು ಮೂವರೂ ಸೇರಿ ನಕ್ಕಿದ್ದು ಅದೇ ಕೊನೆ ಇರಬೇಕು.

ದೀಪಾವಳಿ ಕಳೆದ ಮೇಲೆ ಅಂಜಿನಿಗೆ ಜ್ವರ ಬಂತು. ಎಡಗಾಲು ಊದಿ ನೀಲಿಯಾಯಿತು. ಅವ್ವ ಅವಳನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ಬಂದಳು. ನಾನು ಹಿಂದಿನಿಂದ ಕಾಲು ಎತ್ತಿ ಹಿಡಿದುಕೊಂಡು ನಡೆದೆ. ಬಸ್ಸಿನಲ್ಲಿ ವಾಸನೆಗೆ ಜನ ಸರಿದು ಕೂತರು. ಕೂರಲು ಜಾಗ ಸಿಕ್ಕಿತು.

ದೊಡ್ಡಾಸ್ಪತ್ರೆಯಲ್ಲಿ ಒಬ್ಬರು ಲೇಡಿ ಡಾಕ್ಟರು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬಗ್ಗಿ ನೋಡಿದರು. ಬರಿಗೈಯಲ್ಲಿ ಮುಟ್ಟಿದರು. ಆಮೇಲೆ ಅವ್ವನನ್ನು ಗದರಿದರು.

"ಇಷ್ಟು ಚಿಕ್ಕ ಹುಡುಗೀನ ಪ್ಲೇಟಿಂಗ್ ಫ್ಯಾಕ್ಟ್ರಿ ಕೆಲಸಕ್ಕೆ ಕಳಿಸ್ತೀಯಲ್ಲ, ಬುದ್ಧಿ ಇಲ್ವಾ ನಿಂಗೆ?"

"ಇಲ್ಲ ತಾಯಿ, ಕೆಲ್ಸಕ್ಕೆ ಕಳ್ಸಿಲ್ಲ. ಇಸ್ಕೂಲ್ಗೋಯ್ತಾಳೆ."

"ಸುಳ್ಳು ಹೇಳ್ಬೇಡ. ಇಂಥ ಹುಣ್ಣು ಅಲ್ಲಿ ಕೆಲಸ ಮಾಡೋರಿಗೇ ಬರೋದು. ಪೀಣ್ಯದಿಂದ ಎಷ್ಟು ಜನ ಬರ್ತಾರೆ ನಮ್ಮ ಹತ್ರ."

"ಇಸ್ಕೂಲ್ಗೇ ಓಗೋದು, ನಿಮ್ಮಾಣೆ."

ಡಾಕ್ಟರು ಅಂಜಿನಿಯ ಕಡೆ ತಿರುಗಿದರು. "ಸ್ಕೂಲಲ್ಲಿ ಏನ್ ಮಾಡ್ತೀಯಮ್ಮ?"

"ಪಿ.ಟಿ. ಮೇಡಂ" ಅಂದಳು ಅಂಜಿನಿ.

ನಾನು ಮಣ್ಣಿನ ವಿಷಯ ಹೇಳಿದೆ. ಡಾಕ್ಟರು ಮತ್ತೆ ಬಗ್ಗಿ ಕಾಲು ನೋಡಿದರು. ಆ ಕೆಸರಿನಲ್ಲಿ ವಿಷ ಇರುತ್ತೆ, ಚರ್ಮ ತಿನ್ನುತ್ತೆ, ಇನ್ನು ಮೇಲೆ ಯಾರೂ ಮುಟ್ಟಬಾರದು ಅಂದರು. ಇವಳದು ಕೀವು ಮೂಳೆಗೆ ಇಳಿದಿದೆ ಅಂದರು. ಎಡಗಾಲಿನ ಎರಡು ಬೆರಳು ತೆಗೆದರು. ಕಿರುಬೆರಳು, ಅದರ ಪಕ್ಕದ್ದು. ಎಚ್ಚರವಾದ ಮೇಲೆ ಅಂಜಿನಿ, "ಎಬ್ಬೆಟ್ಟು ಐತಲ್ಲ?" ಎಂದು ಕೇಳಿದಳು. ಓಡುವಾಗ ಹೆಬ್ಬೆಟ್ಟನ್ನೇ ಒತ್ತಬೇಕೆಂದು ಅವಳಿಗೆ ಗೊತ್ತಿತ್ತು. ಇದೆ ಅಂದೆ.

ಡಿಸೆಂಬರಿನಲ್ಲಿ ಅವಳನ್ನು ಮತ್ತೆ ಶಾಲೆಗೆ ಕರೆದುಕೊಂಡು ಹೋದೆ. ಬಟ್ಟೆ ಸುತ್ತಿದ ಕಾಲನ್ನು ಎಳೆದುಕೊಂಡು ನಡೆಯುತ್ತಿದ್ದಳು. ಮೇಷ್ಟ್ರು ನೋಡಿ, "ಅಯ್ಯೋ ಪಾಪ, ನೆರಳಲ್ಲಿ ಕೂತ್ಕೋ ಹೋಗು" ಅಂದರು. ಅವರು ಕೆಟ್ಟವರಾಗಿ ಕಾಣುತ್ತಿರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಗುತ್ತಿತ್ತು.

"ಸಾರ್, ಮಣ್ಣಿಂದ ಆಗಿದ್ದು ಅಂದ್ರು ಡಾಕ್ಟ್ರು."

"ಮಣ್ಣಿಂದ ಏನಾಗುತ್ತೆ. ಮಣ್ಣಿಂದ ಆಗೋದಾದ್ರೆ ವನಜಾಗೆ ಯಾಕಾಗಿಲ್ಲ?"

"ವನಜಾ ತುಳಿದಿಲ್ಲ ಸಾರ್."

ಅವರು ನನ್ನನ್ನು ನೋಡಿದರು. ಕತ್ತಿನ ಸೀಟಿ ತೆಗೆದು ಊದಿದರು.

ಜನವರಿಯಲ್ಲಿ ಕ್ರೀಡಾ ದಿನ. ಜೂನಿನಲ್ಲಿ ಹಾಕಿದ ಮಣ್ಣು ಮಳೆಗೆ ಕುಸಿದಿತ್ತು. ಇನ್ನೆರಡು ಲಾರಿ ಬಂದಿತ್ತು. ಕಾಂಪೌಂಡಿನ ಮೂಲೆಯಲ್ಲಿ ಹಳದಿ ರಾಶಿ ನಮ್ಮ ಎತ್ತರಕ್ಕೆ ನಿಂತಿತ್ತು. ಮೇಷ್ಟ್ರು ಬಾಂಡ್ಲಿಗಳನ್ನು ನಮ್ಮ ಮುಂದೆ ಹಾಕಿಸಿದರು.

"ಕಜ್ಜಿ ಸಾಲು, ಶುರು ಮಾಡಿ."

ನಾನು ಬಗ್ಗಲಿಲ್ಲ.

"ಗಂಗರತ್ನ, ಕಿವಿ ಕೇಳಿಸಲ್ವಾ?"

"ಹೊರಲ್ಲ ಸಾರ್."

"ಏನು?"

"ಹೊರಲ್ಲ. ತುಳಿಯಕ್ಕೂ ಬಿಡಲ್ಲ."

ಹತ್ತನೆಯವಳು, ದೊಡ್ಡವಳು ಎಂದು ಅವರು ನನ್ನ ಮೇಲೆ ಕೈ ಮಾಡುತ್ತಿರಲಿಲ್ಲ. ಅವತ್ತು ಬೆತ್ತ ತಂದರು. ಮೀನಖಂಡಕ್ಕೆ ಬಿತ್ತು. ಎಷ್ಟು ಬಿತ್ತು ಅಂತ ನಾನು ಎಣಿಸಲಿಲ್ಲ. ಇಡೀ ಶಾಲೆ ನೋಡುತ್ತಿತ್ತು. ನಾನು ನೆರಳಲ್ಲಿ ಕೂತ ಅಂಜಿನಿಯನ್ನು ನೋಡುತ್ತಿದ್ದೆ. ಅವಳು ಎದ್ದು ನಿಂತಿದ್ದಳು. ನಮ್ಮ ಸಾಲಿನಲ್ಲಿ ಬಾಂಡ್ಲಿ ಎತ್ತಿಕೊಂಡಿದ್ದ ಹುಡುಗರು ಒಬ್ಬೊಬ್ಬರಾಗಿ ಕೆಳಗಿಟ್ಟರು. ಒಬ್ಬ ಎಸೆದ. ಕಲ್ಲಿಗೆ ಬಿದ್ದು ಗಡಗಡ ಸದ್ದಾಯಿತು. ಒಂದನೇ ತರಗತಿಯ ಮಕ್ಕಳು ಕೆಸರಿನಿಂದ ಆಚೆ ಬಂದು ನನ್ನ ಹಿಂದೆ ನಿಂತರು. ಅವರಿಗೆ ಏನೂ ಅರ್ಥವಾಗಿರಲಿಲ್ಲ. ಹೆದರಿ ಬಂದಿದ್ದರು.

ಮೇಷ್ಟ್ರ ಮುಖ ಕೆಂಪಾಯಿತು. "ನೀವಿಲ್ದೇ ಇದ್ರೆ ನಡೆಯಲ್ಲ ಅಂದ್ಕೊಂಡ್ರಾ? ನೋಡ್ತಿರಿ." ಬೂಟಿನವರ ಕಡೆ ತಿರುಗಿದರು. "ಎಲ್ಲಾ ಬನ್ನಿ. ಶ್ರಮದಾನ. ಬೂಟು ಬಿಚ್ಚಿ ಜಗಲಿ ಮೇಲಿಡಿ, ಕೊಳೆ ಮಾಡ್ಕೋಬೇಡಿ. ಮಾರ್ಚ್ ಪಾಸ್ಟಿಗೆ ಬೆಳ್ಳಗಿರಬೇಕು."

ಬೂಟುಗಳು ಜಗಲಿಯ ಮೇಲೆ ಸಾಲಾಗಿ ಕೂತವು. ಬೂಟಿನವರು ಹೊತ್ತರು, ತುಳಿದರು. ಅವರಿಗೂ ಮೊದಲು ಖುಷಿಯೇ. ವನಜಾ ಹತ್ತಿರ ಹೋಗಿ, "ಬೇಡ ಕಣೇ, ಕಾಲು ಹೋಗುತ್ತೆ" ಅಂದೆ. "ನಿಮ್ಮ ಥರ ಗಲೀಜಾ ನಾವು?" ಅಂದಳು. ನಾಲ್ಕು ದಿನ ಅದೇ ನಡೆಯಿತು. ಐದನೇ ದಿನ ಅರ್ಧ ಶಾಲೆ ಖಾಲಿ.

ಪಾದವೆಲ್ಲ ಬೊಬ್ಬೆ, ಉರಿ, ಬೆರಳ ಸಂದಿಯಲ್ಲಿ ಬಿರುಕು. ಹೆಡ್ಮಾಸ್ಟರು ಮೊದಲು ಕಂಡುಹಿಡಿದ ಕಾರಣ ನಾವು. ಕಜ್ಜಿ ಸಾಲಿನಿಂದ ಹರಡಿದೆ ಎಂದು ಹೇಳಿ, ವಾಸಿಯಾಗುವವರೆಗೆ ಬರಬೇಡಿ ಎಂದು ನಮ್ಮನ್ನು ಮನೆಗೆ ಕಳಿಸಿದರು. ಆಮೇಲೆ ಕೃಷ್ಣಪ್ಪನವರು ಮೊಮ್ಮಗಳನ್ನು ಮಲ್ಲೇಶ್ವರದ ಕಡೆ ಯಾವುದೋ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರೂ ಮಣ್ಣು ಅಂದರು. ದೊಡ್ಡಾಸ್ಪತ್ರೆಯ ಡಾಕ್ಟರು ನಮಗೆ ಹೇಳಿದ್ದೇ ಮಾತು. ಆದರೆ ಈ ಸಲ ಲಾರಿಗಳು ಬಂದವು. ಜೆಸಿಬಿ ಬಂತು. ಹರಡಿದ್ದನ್ನೂ ಕೆರೆದು ತುಂಬಿಕೊಂಡರು. ವಿಶ್ವನಾಥ್ ಮೇಷ್ಟ್ರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ನಿಂತಿದ್ದರಂತೆ.

ನಮಗೆ ವಾಪಸ್ ಬನ್ನಿ ಅಂತ ಯಾರೂ ಹೇಳಿ ಕಳಿಸಲಿಲ್ಲ.

ಲಾರಿಗಳು ನೇರ ನಮ್ಮ ಕಾಲೊನಿಗೆ ಬಂದವು.

ನಮ್ಮ ಕಾಲೊನಿಯೂ ತಗ್ಗು. ಜೋರು ಮಳೆ ಬಂದರೆ ಮನೆಯೊಳಗೆ ಮೊಣಕಾಲು ನೀರು. ಒಂದಷ್ಟು ಮಣ್ಣು ಹಾಕಿಸಿಕೊಡಿ ಎಂದು ನಮ್ಮವರು ಪಂಚಾಯ್ತಿಗೆ ಹೋಗಿ ಹೋಗಿ ಸಾಕಾಗಿದ್ದರು. ಮುಂದೆ ನಿಂತು ಕೇಳಿದವರಲ್ಲಿ ಅವ್ವನೂ ಒಬ್ಬಳು. ಈಗ ಮಣ್ಣು ತಾನಾಗಿ ಬಂದಿತ್ತು. ಸ್ಕೂಟರಿನಲ್ಲಿ ಕೃಷ್ಣಪ್ಪನವರೂ ಬಂದಿದ್ದರು.

"ಕೇಳ್ತಿದ್ರಲ್ಲ, ತಗೊಳ್ರಪ್ಪ" ಅಂದರು.

ಜನ ಮನೆಯಿಂದ ಹೊರಗೆ ಬಂದರು. ಕೆಲವರು ಗುದ್ದಲಿ ಹಿಡಿದೇ ಬಂದರು. ನಮ್ಮ ಪಕ್ಕದ ಮನೆಯ ಲಕ್ಷ್ಮಮ್ಮ, "ನಮ್ಮನೆ ಮುಂದಕ್ಕೆ ಮೊದ್ಲು ಆಕ್ಸಿ ಗೌಡ್ರೆ" ಎಂದು ಲಾರಿಗೆ ದಾರಿ ತೋರಿಸಿದಳು. ನಾನು ಅಡ್ಡ ಹೋದೆ.

"ಬ್ಯಾಡ. ಇದೇ ಮಣ್ಣು ಅಂಜಿನಿ ಬೆರಳು ತಿಂದಿದ್ದು."

"ನಾವೇನು ಮಣ್ಣು ತುಳ್ಕೊಂಡು ಕುಣೀತೀವಾ?" ಲಕ್ಷ್ಮಮ್ಮ ಅಂದಳು. "ಮ್ಯಾಲೆ ಕೆಮ್ಮಣ್ಣು ಆಕ್ಕೊಂಡ್ರಾಯ್ತು. ನಿಮ್ಮನೆ ಏನು ದಿಬ್ಬದ ಮ್ಯಾಲೈತಾ? ಮಳೆ ಬಂದಾಗ ನೀನು ನೆಲದ ಮ್ಯಾಲೇ ಮಲಗ್ತೀಯಾ?"

"ಓದೋ ಹುಡ್ಗಿ ಅಂತ ಬಿಟ್ರೆ ಎಲ್ಲಾರ್ಗೂ ಬುದ್ಧಿ ಹೇಳಕ್ ಬರ್ತಾಳೆ" ಅಂದ ಒಬ್ಬ ಮುದುಕ. "ಸರಿಯಮ್ಮಿ ಆಚೆ."

ಯಾರೋ ನನ್ನ ತೋಳು ಹಿಡಿದು ಎಳೆದರು. ನಮ್ಮವರೇ. ಲಾರಿ ಹಿಂದಕ್ಕೆ ಬರತೊಡಗಿತು. ಅಷ್ಟು ಹೊತ್ತಿಗೆ ಅವ್ವ ಕೆಲಸದಿಂದ ಬಂದಳು. ಮುಖ, ಕೈ, ಕಣ್ಣಿನ ರೆಪ್ಪೆ ಎಲ್ಲ ಕಪ್ಪು ಮರಳು. ಲಾರಿ ನೋಡಿದಳು. ಅದರ ಮೇಲಿನ ಹಳದಿ ನೋಡಿದಳು. ಅವ್ವ ಎಷ್ಟು ಮಳೆಗಾಲ ಆ ಮಣ್ಣಿಗಾಗಿ ಅಲೆದಿದ್ದಳು ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅವಳನ್ನೇ ನೋಡಿದರು.

ಅವ್ವ ಮನೆಯೊಳಗೆ ಹೋದಳು. ಅಂಜಿನಿಯನ್ನು ಎತ್ತಿಕೊಂಡು ಬಂದಳು. ಲಾರಿಯ ಹಿಂದೆ, ಮಣ್ಣು ಬೀಳುವ ತಗ್ಗಿನಲ್ಲೇ ಕೂತಳು. ಮಗಳ ಕಾಲಿನ ಬಟ್ಟೆ ಬಿಚ್ಚಿದಳು. ಅಂಜಿನಿ ನಾಚಿಕೊಂಡು ಕಾಲು ಎಳೆದುಕೊಳ್ಳಲು ನೋಡಿದಳು. ಅವ್ವ ಬಿಡಲಿಲ್ಲ. ಮೂರೇ ಬೆರಳಿನ ಪಾದವನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು.

"ಸುರೀರಿ" ಅಂದಳು. "ಇವ್ಳ ಮ್ಯಾಲೆ ಸುರೀರಿ. ಮಿಕ್ಕಿರೋ ಬೆರಳೂ ತಿನ್ಲಿ."

ಡ್ರೈವರ್ ಕೆಳಗಿಳಿದು ಬಂದು ನೋಡಿದ. ಅವನೂ ಬರಿಗಾಲಲ್ಲಿದ್ದ. ತಿರುಗಿ ಹೋಗಿ ಗಾಡಿಗೆ ಹತ್ತಿದ. "ಏನಲಾ, ಸುರಿಯಲಾ" ಅಂದರು ಕೃಷ್ಣಪ್ಪನವರು. ಅವನು ಗಾಡಿಯನ್ನು ಮುಂದಕ್ಕೆ ತೆಗೆದ. ಕೃಷ್ಣಪ್ಪನವರು ಸ್ಕೂಟರ್ ಒದ್ದು ಶುರು ಮಾಡುತ್ತಾ, "ಇನ್ನೊಂದ್ಸಲ ಮಣ್ಣು ಅಂತ ಬನ್ನಿ ನಮ್ಮ ಬಾಗಿಲಿಗೆ" ಅಂದರು.

ಮಣ್ಣನ್ನು ರಸ್ತೆಯಾಚೆ ಯಾವುದೋ ಕೆರೆಯಂಗಳಕ್ಕೆ ಸುರಿದರು ಎಂದು ಆಮೇಲೆ ಗೊತ್ತಾಯಿತು. ಅಲ್ಲಿಯೂ ಮಕ್ಕಳಿರುತ್ತಾರೆ. ಅದಕ್ಕೆ ನಾವು ಏನೂ ಮಾಡಲಿಲ್ಲ. ನಮ್ಮ ಕೈಯಲ್ಲಿ ಆದದ್ದು ಅಷ್ಟೇ.

ಕ್ರೀಡಾ ದಿನ ನಡೆಯಿತು. ಮೈಕಿನ ಸದ್ದು ಕಾಲೊನಿಗೆ ಕೇಳುತ್ತಿತ್ತು. ಅಂಜಿನಿ ಹೊಸ್ತಿಲ ಮೇಲೆ ಕೂತು, ಸೀಟಿ ಕೇಳಿದಾಗಲೆಲ್ಲ ಕತ್ತೆತ್ತುತ್ತಿದ್ದಳು. ಆಮೇಲೆ ನಮ್ಮನ್ನು ಶಾಲೆಗೆ ಸೇರಿಸಿಕೊಂಡರು. ಪಿ.ಟಿ. ಪೀರಿಯಡ್ಡಿನಲ್ಲಿ ಬಾಂಡ್ಲಿ ಕೊಡಲಿಲ್ಲ. ಬೂಟಿನ ಸಾಲಿಗೂ ಕರೆಯಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ಸುಮ್ಮನೆ ನಿಲ್ಲಿಸುತ್ತಿದ್ದರು. ಮಣ್ಣು ಹೋದರೂ ಹೆಸರು ಹೋಗಲಿಲ್ಲ.

ಏಪ್ರಿಲ್ ಕೊನೆಗೆ ಮೊದಲ ದೊಡ್ಡ ಮಳೆ ಬಂತು. ಕಾಲೊನಿಯ ಮನೆಗಳಿಗೆ ನೀರು ನುಗ್ಗಿತು. ನಮ್ಮ ಮನೆಗೇ ಮೊದಲು. ಅವ್ವ ಬಿಂದಿಗೆಯಲ್ಲಿ, ನಾನು ಬೋಸಿಯಲ್ಲಿ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದೆವು. ಚೆಲ್ಲಿದಷ್ಟೂ ಬರುತ್ತಿತ್ತು. ಪಕ್ಕದಲ್ಲಿ ಲಕ್ಷ್ಮಮ್ಮನೂ ತೋಡುತ್ತಿದ್ದಳು. ತೋಡುತ್ತಾ ನಮ್ಮನ್ನು ಬೈಯುತ್ತಿದ್ದಳು. ಬಂದ ಮಣ್ಣನ್ನು ಒದ್ದು ಕಳಿಸಿದ ಮನೆಹಾಳರು, ಇವರ ಮನೆ ತೊಳೆದುಹೋಗ, ಎಂದು ಒಂದೇ ಸಮನೆ.

ಅಂಜಿನಿಯ ಕಾಲು ನೆನೆಯಬಾರದಿತ್ತು. ಮನೆಯಲ್ಲಿ ಒಣ ಜಾಗ ಉಳಿದಿರಲಿಲ್ಲ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಗೆ ಬಂದೆ. ಎಲ್ಲಿ ಇಳಿಸುವುದು ಗೊತ್ತಾಗದೆ ಮಳೆಯಲ್ಲೇ ನಿಂತೆ.

ಲಕ್ಷ್ಮಮ್ಮ ಬೈಗುಳ ನಿಲ್ಲಿಸಿ ನೋಡಿದಳು.

"ಅಲ್ಯಾಕ್ ನಿಂತಿದ್ದೀಯೇ ಮುಂಡೇದೆ, ಮಗೀನ ನೆನೆಸ್ಕೊಂಡು. ನಮ್ಮ ಅಟ್ಟದ ಮ್ಯಾಲೆ ಕೂರ್ಸು. ಅಲ್ಲಿಗೆ ನೀರು ಅತ್ತಲ್ಲ."

ಅವಳೇ ಬಂದು ಅಂಜಿನಿಯನ್ನು ಇಸಿದುಕೊಂಡಳು. ಅಟ್ಟಕ್ಕೆ ಹತ್ತಿಸಿ, ಕಾಲನ್ನು ತನ್ನ ಸೆರಗಿನಲ್ಲಿ ಒರೆಸಿ, ಮೇಲೆ ಗೋಣಿ ಹೊದಿಸಿದಳು. ಆಮೇಲೆ ಇಳಿದು ಬಂದು ಬಿಂದಿಗೆ ಎತ್ತಿಕೊಂಡಳು. ಮತ್ತೆ ನಮ್ಮನ್ನು ಬೈಯಲು ಶುರು ಮಾಡಿದಳು. ನಾವು ನೀರು ತೋಡಿದೆವು.